ಬಾಯಿಮಾತಿನ ಚರಿತ್ರೆಕಾರ

ಇತಿಹಾಸದ ಆಕರಗಳು ಯಾವುವೆಂದು ಕೇಳಿದರೆ ಶಾಸನ, ನಾಣ್ಯ, ತಾಳೆಯೋಲೆ, ಪ್ರವಾಸಿಗಳ ಬರಹ, ಭೂಮಿಯನ್ನು ಅಗೆದಾಗ ದೊರೆತ ಅವಶೇಷ ಎಂದು ನೀವು ಒಡನೆಯೇ ಉತ್ತರಿಸುವಿರಿ. ಇವುಗಳಲ್ಲಿ ಬಹುಪಾಲು ಬರವಣಿಗೆಯನ್ನು ಆಶ್ರಯಿಸಿದವು. ಹಾಗಾದರೆ ಬರವಣಿಗೆಯನ್ನೇ ಬಳಸದೆ ನೂರಾರು ವರ್ಷ ಬಾಳಿದ ಜನರ ಸಂಗತಿಯೇನು? ಅವರಲ್ಲಿಯೂ ಅರಸರು ಆಳಿದರು, ಯುದ್ಧಗಳು ನಡೆದವು, ಹೊಸ ಬೆಳೆಗಳು ಬಂದವು, ಹಳೆಯ ಊರುಗಳು ಹಾಳಾದವು. ಇವನ್ನು ಯಾರೂ ಬರೆದಿಡಲಿಲ್ಲವೆಂಬ ಕಾರಣಕ್ಕೆ ಆ ಜನರಿಗೆ ಇತಿಹಾಸವೇ ಇಲ್ಲವೆನ್ನಬಹುದೆ?

ಯುರೋಪಿನ ಅನೇಕ ವಿದ್ವಾಂಸರು ಹಾಗೆಯೇ ಹೇಳಿದರು. ಆಫ್ರಿಕದಲ್ಲಿ ಕಾಣಸಿಗುವುದು ಅಲ್ಲಿಗೆ ಹೋದ ಯುರೋಪಿಯನ್ನರ ಇತಿಹಾಸ ಮಾತ್ರ, ಮಿಕ್ಕದ್ದೆಲ್ಲ ಕತ್ತಲೆ ಎಂಬರ್ಥದ ಮಾತನ್ನು ಆಕ್ಸ್‌ಫರ್ಡಿನ ಪ್ರಸಿದ್ಧ ಪ್ರಾಧ್ಯಾಪಕರಾದ ಹ್ಯೂ ಟ್ರೆವರ್-ರೋಪರ್ ಅವರು 1963ರಷ್ಟು ಈಚೆಗೆ ಆಡಿದರು. ವಿಚಿತ್ರವೆಂದರೆ, ಆ ವೇಳೆಗಾಗಲೇ ಬೆಲ್ಜಿಯಂ ದೇಶದ ತರುಣ ವಿದ್ವಾಂಸರೊಬ್ಬರು ಮಧ್ಯ ಆಫ್ರಿಕದ ಹಳ್ಳಿಗಳಲ್ಲಿ ಹಿರಿಯರ ಮುಂದೆ ಕುಳಿತು, ಅವರ ಬಾಯಿಂದ ಬಂದ ಕಥೆ, ಹಾಡು, ವಂಶಾವಳಿಗಳನ್ನು ವರ್ಷಾನುಗಟ್ಟಲೆ ಬರೆದುಕೊಂಡು, ಅವುಗಳಿಂದ ಇತಿಹಾಸವನ್ನು ರಚಿಸುವ ಕ್ರಮವೊಂದನ್ನು ಗ್ರಂಥರೂಪದಲ್ಲಿಯೇ ಪ್ರಕಟಿಸಿಯಾಗಿತ್ತು. ಅವರ ಹೆಸರು ಯಾನ್ ವಾನ್ಸಿನಾ.

ವಾನ್ಸಿನಾ 1929ರ ಸೆಪ್ಟೆಂಬರ್ 14ರಂದು ಬೆಲ್ಜಿಯಂನ ಆಂಟ್‌ವರ್ಪ್ ನಗರದಲ್ಲಿ ಜನಿಸಿದರು. ತಂದೆ ಚಿತ್ರಕಾರರು. ಬಾಲ್ಯದ ಕೆಲವು ವರ್ಷಗಳು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶವಾದ ನಾಡಿನಲ್ಲಿ ಕಳೆದವು. ಮುಂದೆ ಲೂವೆನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯದಲ್ಲಿ ಅವರು ವ್ಯಾಸಂಗ ಮಾಡಿದ್ದು ಮಧ್ಯಯುಗದ ಯುರೋಪಿನ ಇತಿಹಾಸವನ್ನು. ಮಧ್ಯಯುಗದಲ್ಲಿ ಮಹನೀಯರು ಮಡಿದಾಗ ಹಾಡುತ್ತಿದ್ದ ಲ್ಯಾಟಿನ್ ಶೋಕಗೀತೆಗಳಿಗೆ ಇತಿಹಾಸದ ದೃಷ್ಟಿಯಿಂದ ಎಷ್ಟು ಬೆಲೆಯುಂಟು ಎಂಬುದನ್ನು ಕುರಿತು ಅವರು ಪ್ರಬಂಧ ಬರೆದರು. ಇಂತಹ ಗೀತೆಗಳನ್ನು ಪರೀಕ್ಷಿಸುವವನು ಅದರ ಬೇರೆ ಬೇರೆ ಪ್ರತಿಗಳನ್ನು ಎದುರುಬದುರು ಇಟ್ಟು ನೋಡಬೇಕು. ಕಟ್ಟಿದವನು ಯಾರು, ಯಾರನ್ನು ಮೆಚ್ಚಿಸಲು ಕಟ್ಟಿದನು, ನಡೆದುದನ್ನು ಕಣ್ಣಾರೆ ಕಂಡಿದ್ದನೆ ಎಂದು ವಿಚಾರಿಸಬೇಕು. ಇದನ್ನು ನೆನಪಿನಲ್ಲಿಡಬೇಕು. ಆಫ್ರಿಕಕ್ಕೂ ಈ ವ್ಯಾಸಂಗಕ್ಕೂ ಮೇಲುನೋಟಕ್ಕೆ ಯಾವ ನಂಟೂ ಕಾಣದಿದ್ದರೂ ಮುಂದೆ ಅವರ ಕೈಹಿಡಿದು ನಡೆಸಿದ್ದು ಇದೇ ವಿದ್ಯೆ.

ಕಾಂಗೋ ಆಗ ಬೆಲ್ಜಿಯಂನ ವಸಾಹತಾಗಿತ್ತು. ಮಧ್ಯ ಆಫ್ರಿಕದ ವೈಜ್ಞಾನಿಕ ಸಂಶೋಧನೆಗಾಗಿ ಸರ್ಕಾರವು ಸ್ಥಾಪಿಸಿದ್ದ ಸಂಸ್ಥೆಯೊಂದು 1952ರಲ್ಲಿ ವಾನ್ಸಿನಾ ಅವರನ್ನು ಮಾನವಶಾಸ್ತ್ರಜ್ಞರ ಹುದ್ದೆಗೆ ತೆಗೆದುಕೊಂಡಿತು. ಇತಿಹಾಸ ಓದಿದವರಿಗೆ ಮಾನವಶಾಸ್ತ್ರದ ಕೆಲಸ! ಲಂಡನ್ನಿನಲ್ಲಿ ಅಲ್ಪಕಾಲ ಆ ಶಾಸ್ತ್ರದ ಪರಿಚಯ ಮಾಡಿಕೊಂಡು, ಇಪ್ಪತ್ತಮೂರರ ಹರೆಯದ ವಾನ್ಸಿನಾ ಕಸಾಯಿ ಮತ್ತು ಸಂಕುರು ನದಿಗಳ ನಡುವಣ ಕುಬಾ ರಾಜ್ಯಕ್ಕೆ ಬಂದರು. ವೆಸ್ಟ್ ಇಂಡೀಸಿನ ಕ್ಯೂಬಾ ದ್ವೀಪಕ್ಕೂ ಈ ಕುಬಾ ರಾಜ್ಯಕ್ಕೂ ಹೆಸರಿನ ಹೋಲಿಕೆಯ ಹೊರತು ಬೇರೇನೂ ಸಂಬಂಧವಿಲ್ಲ. ಮರದಲ್ಲಿ ಕೆತ್ತಿದ ಅರಸರ ವಿಗ್ರಹಗಳಿಗೂ ತಾಳೆಜಾತಿಯ ಮರದ ನಾರಿನಿಂದ ನೇಯ್ದ ಚಿತ್ತಾರದ ಬಟ್ಟೆಗಳಿಗೂ ಕುಬಾ ಜನರು ಲೋಕಪ್ರಸಿದ್ಧರು. ಅವರಿಗೊಬ್ಬ ಅರಸನಿದ್ದನು, ರಾಜಧಾನಿಯಿತ್ತು, ಪದವಿ ಹೊತ್ತ ಅಧಿಕಾರಿಗಳಿದ್ದರು, ವ್ಯಾಜ್ಯ ತೀರಿಸುವ ನ್ಯಾಯಸಭೆಗಳಿದ್ದವು. ಇಲ್ಲದಿದ್ದುದು ಲಿಪಿಯೊಂದೇ.

ವಾನ್ಸಿನಾ ಅಲ್ಲಿಯ ಬುಶೊಂಗ್ ಭಾಷೆಯನ್ನು ಕಲಿತರು. ಅವರಿಗೆ ಒಪ್ಪಿಸಿದ್ದ ಕೆಲಸ ಜನರ ಆಚಾರ ವ್ಯವಹಾರಗಳ ಅಧ್ಯಯನ. ಹಿಂದಿನ ಕಾಲವನ್ನು ಕುರಿತು ಹಳ್ಳಿಗರು ಹೇಳುವ ಕಥೆಗಳನ್ನು ಅಂದಿನ ಮಾನವಶಾಸ್ತ್ರಜ್ಞರು ಇತಿಹಾಸವೆಂದು ಎಣಿಸುತ್ತಿರಲಿಲ್ಲ. ಇಂದಿನ ಅಧಿಕಾರವನ್ನೋ ಹಕ್ಕನ್ನೋ ಸಮರ್ಥಿಸಲು ಕಟ್ಟಿಕೊಂಡ ಪುರಾಣಗಳವು ಎಂಬುದು ಅವರ ಅಭಿಪ್ರಾಯ. ಇತಿಹಾಸಕಾರರಂತೂ ಬರಹವಿಲ್ಲದೆಡೆಗೆ ಕಾಲಿಡಲೇ ಒಲ್ಲರು. ಹೀಗಿರಲು, ತಮ್ಮ ಜನರು ಹಿಂದಿನದನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ಬಗೆಯನ್ನು ವಿವರಿಸುತ್ತ ಕುಬಾ ವ್ಯಕ್ತಿಯೊಬ್ಬರು ಕೆಲವು ಚಿಕ್ಕ ಹಾಡುಗಳನ್ನು ಹೇಳಿದರು. ಕೇಳುತ್ತ ಕುಳಿತ ವಾನ್ಸಿನಾ ಅವರಿಗೆ ಲೂವೆನ್ನಿನಲ್ಲಿ ತಾವು ಪರೀಕ್ಷಿಸಿದ ಶೋಕಗೀತೆಗಳು ಮನಸ್ಸಿಗೆ ಬಂದವು. ಅವೂ ಪಾಠಗಳು, ಇವೂ ಪಾಠಗಳು. ಅವು ಚರ್ಮದ ಹಾಳೆಯ ಮೇಲೆ ಉಳಿದವು, ಇವು ನಾಲಗೆಯ ಮೇಲೆ ಉಳಿದವು, ವ್ಯತ್ಯಾಸ ಅಷ್ಟೇ. ಆ ಹಾಡುಗಳಿಗೆ ಹಾಕಿದ ಪ್ರಶ್ನೆಗಳನ್ನು ಈ ಹಾಡುಗಳಿಗೂ ಹಾಕಬಾರದೇಕೆ?

ಈ ಒಂದು ಪ್ರಶ್ನೆಯಿಂದಲೇ ಅವರ ಮುಂದಿನ ಅರವತ್ತು ವರ್ಷಗಳ ಕೆಲಸ ಹೊರಟಿತು. ಹಳಗನ್ನಡ ಕಾವ್ಯವೊಂದರ ಹಲವು ಓಲೆಪ್ರತಿಗಳನ್ನು ಹೋಲಿಸಿ ಶುದ್ಧ ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕರ ಶ್ರಮವನ್ನು ನೀವು ಕೇಳಿರಬಹುದು. ವಾನ್ಸಿನಾ ಅದೇ ಬಗೆಯ ಶ್ರಮವನ್ನು ಮಾತಿನ ಮೇಲೆ ನಡೆಸಿದರು. ಒಂದು ಕಥೆಯನ್ನು ಒಬ್ಬರಿಂದ ಕೇಳಿ ತೃಪ್ತರಾಗದೆ ಊರಿಂದೂರಿಗೆ, ಕುಲದಿಂದ ಕುಲಕ್ಕೆ ಹೋಗಿ ಅದರ ಪಾಠಾಂತರಗಳನ್ನು ಸಂಗ್ರಹಿಸಿದರು. ಓದುಬರಹ ಬಲ್ಲ ಕುಬಾ ತರುಣರನ್ನು ಈ ಕೆಲಸಕ್ಕೆ ಅಣಿಗೊಳಿಸಿದರು. ಕಂಡವನೊಬ್ಬ, ಅವನಿಂದ ಕೇಳಿದವನೊಬ್ಬ, ಅವನಿಂದ ಕೇಳಿ ಮಗನಿಗೆ ಹೇಳಿದವನೊಬ್ಬ, ಕೊನೆಗೆ ಬರೆದುಕೊಂಡವನೊಬ್ಬ ಎಂಬ ಈ ಸರಪಳಿಯ ಪ್ರತಿಯೊಂದು ಕೊಂಡಿಯಲ್ಲಿಯೂ ಏನು ಸೇರಿತು, ಏನು ಸೋರಿತು ಎಂದು ಪರಿಶೀಲಿಸಿದರು. ಛಂದಸ್ಸಿಗೆ ಕಟ್ಟುಬಿದ್ದ ಹಾಡು, ಮಂತ್ರ, ಗಾದೆಗಳು ಬಹುಮಟ್ಟಿಗೆ ಇದ್ದಂತೆಯೇ ಸಾಗಿಬರುತ್ತವೆ. ಕಥೆಯಾದರೋ ಹೇಳುವವನ ಚಾತುರ್ಯಕ್ಕೂ ಕೇಳುವವರ ಮರ್ಜಿಗೂ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕುಬಾ ಹಳ್ಳಿಗಳಲ್ಲಿ ಅವರು ಗಮನಿಸಿದ ರೂಢಿಯೊಂದು ಸ್ವಾರಸ್ಯವಾಗಿದೆ. ಕುಲದ ಚರಿತ್ರೆಯನ್ನು ಬಹಿರಂಗವಾಗಿ ಹೇಳುವ ಮುನ್ನ ಕುಲದ ಹಿರಿಯರು ಗುಟ್ಟಾಗಿ ಸಭೆ ಸೇರಿ, ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂದು ನಿಶ್ಚಯಿಸಿಕೊಳ್ಳುತ್ತಿದ್ದರು. ಅನಂತರ ಅವರ ಪರವಾಗಿ ಒಬ್ಬನು ಮಾತನಾಡುವನು. ಉಳಿದವರೆಲ್ಲ ಹೌದೆಂದು ತಲೆದೂಗುವರು. ಹತ್ತು ಮಂದಿ ಒಂದೇ ಮಾತನ್ನು ಹೇಳಿದರೆ ನಾವು ಸಾಮಾನ್ಯವಾಗಿ ಅದನ್ನು ನಿಜವೆಂದು ಭಾವಿಸುತ್ತೇವೆ. ಆದರೆ ಹತ್ತು ಮಂದಿ ಮೊದಲೇ ಕೂಡಿ ಆಡಿಕೊಂಡಿದ್ದರೆ ಅಲ್ಲಿರುವುದು ಹತ್ತು ಸಾಕ್ಷ್ಯಗಳಲ್ಲ, ಒಂದೇ ಸಾಕ್ಷ್ಯ. ನ್ಯಾಯಾಲಯದ ವಕೀಲರಿಗೆ ಗೊತ್ತಿರುವ ಈ ವಿವೇಕವನ್ನು ವಾನ್ಸಿನಾ ಸಂಶೋಧಕರಿಗೂ ಕಲಿಸಿದರು.

ಬಾಯಿಮಾತಿನಲ್ಲಿ ಉಳಿದ ಚರಿತ್ರೆಗೆ ಕಾಲವನ್ನು ಗೊತ್ತುಪಡಿಸುವುದು ಅತ್ಯಂತ ಕಠಿಣ. ಮುದುಕರು ‘ಅಜ್ಜನ ಅಜ್ಜನ ಕಾಲ’ ಎನ್ನುವರೇ ಹೊರತು ಇಸವಿ ಹೇಳರು. ಇದಕ್ಕೆ ಕೆಲವೊಮ್ಮೆ ಆಕಾಶವೇ ನೆರವಾಗುತ್ತದೆ. ವಾನ್ಸಿನಾ ಬರುವುದಕ್ಕೆ ಬಹು ಮೊದಲೇ, 1908ರಲ್ಲಿ, ಎಮಿಲ್ ಟೋರ್ಡಾಯ್ ಎಂಬ ಹಂಗೇರಿಯದ ಪ್ರವಾಸಿ ಕುಬಾ ಅರಮನೆಯ ಹಿರಿಯರಿಂದ ಅರಸರ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದನು. ಪಟ್ಟಿ ನೂರರ ಸನಿಹಕ್ಕೆ ಬಂದಾಗ ಒಬ್ಬ ಅರಸನ ಹೆಸರು ಹೇಳಿ, ಇವನ ಕಾಲದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ, ಒಂದು ದಿನ ಮಧ್ಯಾಹ್ನ ಸೂರ್ಯ ನಂದಿಹೋದನು ಅಷ್ಟೆ ಎಂದರಂತೆ. ಟೋರ್ಡಾಯ್ ಹಿಗ್ಗಿ ಕುಣಿದಿರಬೇಕು! ಆ ಪ್ರದೇಶದಲ್ಲಿ ಪೂರ್ಣ ಸೂರ್ಯಗ್ರಹಣ ಕಂಡಿದ್ದುದು 1680ರ ಮಾರ್ಚ್ 30ರಂದು ಎಂದು ಖಗೋಳ ಗಣಿತದಿಂದ ತಿಳಿಯಿತು. ಲಿಪಿಯಿಲ್ಲದ ಜನರು ಇನ್ನೂರಿಪ್ಪತ್ತೆಂಟು ವರ್ಷಗಳ ಕಾಲ ಒಂದು ಮಧ್ಯಾಹ್ನದ ನೆನಪನ್ನು ಉಳಿಸಿಕೊಂಡಿದ್ದರು. ಹಾಗೆಂದು ಟೋರ್ಡಾಯ್ ಬರೆದುಕೊಂಡ ನೂರಕ್ಕೂ ಮಿಕ್ಕ ಹೆಸರುಗಳೆಲ್ಲ ನಿಜವಾಗಿ ಆಳಿದ ಅರಸರವೆಂದು ವಾನ್ಸಿನಾ ಒಪ್ಪಲಿಲ್ಲ. ಒಂದು ಮಾತು ನಿಜವಾದುದರಿಂದ ಪಕ್ಕದ ಮಾತೂ ನಿಜವಾಗಬೇಕಿಲ್ಲ.

ಕುಬಾ ಜನರ ಮಹಾಪುರುಷ ಶ್ಯಾಮ್ ಎಂಬ ಅರಸನ ವಿಷಯವನ್ನೂ ಇಲ್ಲಿ ಹೇಳಬೇಕು. ಹೊಸ ಅರಸುಮನೆತನವನ್ನು ಸ್ಥಾಪಿಸಿದವನು ಅವನು. ಮೆಕ್ಕೆಜೋಳ, ಮರಗೆಣಸು, ತಂಬಾಕುಗಳನ್ನು ತಂದವನು ಅವನು. ಹೊಸ ಕುಶಲಕಲೆಗಳನ್ನು ಕಲಿಸಿದವನೂ ಅವನೇ ಎಂದು ಕಥೆಗಳು ಹೇಳುತ್ತವೆ. ಒಬ್ಬ ಮನುಷ್ಯನು ತನ್ನ ಆಯುಷ್ಯದಲ್ಲಿ ಇಷ್ಟೆಲ್ಲವನ್ನೂ ಮಾಡಿದನೆಂದು ನಂಬುವುದು ಕಷ್ಟ. ಅನೇಕ ತಲೆಮಾರುಗಳಲ್ಲಿ ಆದ ಬದಲಾವಣೆಗಳನ್ನು ಜನರ ನೆನಪು ಒಬ್ಬನ ಹೆಸರಿಗೆ ಗಂಟುಹಾಕಿತೆಂದು ವಾನ್ಸಿನಾ ವಿವರಿಸಿದರು. ಆದರೂ ಕಥೆಯನ್ನು ಎಸೆಯಲಿಲ್ಲ. ಆ ಮೂರು ಬೆಳೆಗಳೂ ಅಮೆರಿಕ ಖಂಡದವು. ಕೊಲಂಬಸನ ಕಾಲಕ್ಕಿಂತ ಮೊದಲು ಅವು ಆಫ್ರಿಕಕ್ಕೆ ಬಂದಿರಲಾರವು. ಕಥೆ ಹೇಳುವ ಕ್ರಾಂತಿಯೊಂದು ನಿಜವಾಗಿ ನಡೆದಿತ್ತು, ಅದು ಹದಿನೇಳನೆಯ ಶತಮಾನದ ಸುಮಾರಿಗೆ ನಡೆದಿತ್ತು ಎಂಬಷ್ಟನ್ನು ಅವರು ಉಳಿಸಿಕೊಂಡರು. ಕುಬಾ ಜನರ ಚರಿತ್ರೆಯನ್ನು ವಿಸ್ತಾರವಾಗಿ ನಿರೂಪಿಸುವ ಅವರ ಗ್ರಂಥ 1978ರಲ್ಲಿ ಹೊರಬಂದಿತು. ಕುಬಾ ಜನರು ತಮ್ಮ ಮೂಲಪುರುಷನೆಂದು ಹೇಳುವ ವೂಟನ ಮಕ್ಕಳು ಎಂಬರ್ಥದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

1957ರಲ್ಲಿ ಲೂವೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟ್ ಪದವಿ ನೀಡಿತು. ಅದೇ ಸುಮಾರಿಗೆ ಅವರು ರುವಾಂಡಕ್ಕೆ ಹೋದರು. ಅಲ್ಲಿಯ ಪರಿಸ್ಥಿತಿ ಬೇರೆ. ನಮ್ಮ ಹೆಳವರಂತೆ ವಂಶಾವಳಿಯನ್ನು ಬಾಯಿಪಾಠವಾಗಿ ಹೇಳುವವರು, ಅರಸರನ್ನು ಹೊಗಳುವ ಕವಿಗಳು, ರಾಜ್ಯದ ಗುಪ್ತ ವಿಧಿಗಳನ್ನು ಕಂಠಸ್ಥ ಮಾಡಿಕೊಂಡ ಅಧಿಕಾರಿಗಳು, ಹೀಗೆ ನೆನಪನ್ನು ಕಾಯುವುದಕ್ಕೇ ನಿಯುಕ್ತರಾದವರು ರುವಾಂಡದ ಆಸ್ಥಾನದಲ್ಲಿದ್ದರು. ಇಲ್ಲಿಯೂ ಅವರು ಸಹಾಯಕರೊಡನೆ ಐತಿಹಾಸಿಕ ಕಥನಗಳನ್ನೂ ಅವುಗಳ ಪಾಠಾಂತರಗಳನ್ನೂ ಸಂಗ್ರಹಿಸಿದರು. ಈ ಎರಡು ನಾಡುಗಳ ಅನುಭವದಿಂದ ಮೂಡಿದ, ಮೌಖಿಕ ಪರಂಪರೆಯನ್ನು ಇತಿಹಾಸಕ್ಕೆ ಬಳಸುವ ವಿಧಾನವನ್ನು ಕುರಿತ ಫ್ರೆಂಚ್ ಗ್ರಂಥ 1961ರಲ್ಲಿ ಪ್ರಕಟವಾಯಿತು. 1965ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂದ ಮೇಲಂತೂ ಆಫ್ರಿಕದ ಇತಿಹಾಸವನ್ನು ಅಭ್ಯಸಿಸುವವರೆಲ್ಲರಿಗೂ ಅದು ಮೊದಲ ಪಾಠವಾಯಿತು.

ಇಲ್ಲಿ ಎರಡು ಮಾತುಗಳ ಅರ್ಥವನ್ನು ಬಿಡಿಸಿ ತಿಳಿಯಬೇಕು. ತಾನೇ ಕಂಡುಂಡುದನ್ನು ವ್ಯಕ್ತಿಯೊಬ್ಬನು ಹೇಳಿದರೆ, ಅದನ್ನು ದಾಖಲಿಸುವುದು ಮೌಖಿಕ ಇತಿಹಾಸ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅಲನ್ ನೆವಿನ್ಸ್ ಎಂಬುವರು 1948ರಲ್ಲಿ ಇಂತಹ ಕಾರ್ಯವನ್ನು ಆರಂಭಿಸಿದ್ದರು. ಹೇಳುವವನು ಹುಟ್ಟುವ ಮುನ್ನವೇ ನಡೆದು, ಕನಿಷ್ಠ ಒಂದು ತಲೆಮಾರನ್ನಾದರೂ ದಾಟಿ ಬಾಯಿಂದ ಬಾಯಿಗೆ ಬಂದುದು ಮೌಖಿಕ ಪರಂಪರೆ. ವಾನ್ಸಿನಾ ಅವರ ಹೆಸರು ಹೆಚ್ಚಾಗಿ ನಿಂತಿರುವುದು ಈ ಎರಡನೆಯದರಲ್ಲಿ. ಮೊದಲನೆಯದನ್ನೂ ಅವರು ಬಿಟ್ಟವರಲ್ಲ.

ಕಾಂಗೋ ಸ್ವತಂತ್ರವಾದ 1960ರಲ್ಲಿಯೇ, ಫಿಲಿಪ್ ಕರ್ಟಿನ್ ಎಂಬ ವಿದ್ವಾಂಸರ ಆಹ್ವಾನದಂತೆ ವಾನ್ಸಿನಾ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಆಫ್ರಿಕದ ಇತಿಹಾಸವನ್ನು ಕಲಿಸುವ ಪ್ರಮುಖ ಕೇಂದ್ರವೊಂದು ಇವರಿಬ್ಬರಿಂದ ಅಲ್ಲಿ ಬೆಳೆಯಿತು. 1994ರಲ್ಲಿ ನಿವೃತ್ತರಾಗುವವರೆಗೂ ಅವರ ಮುಖ್ಯ ನೆಲೆ ಅದೇ ಆಗಿತ್ತು. ಯುನೆಸ್ಕೊ ಸಂಸ್ಥೆಯು ಹೊರತಂದ ಆಫ್ರಿಕದ ಸಮಗ್ರ ಇತಿಹಾಸದ ಮೊದಲ ಸಂಪುಟದಲ್ಲಿ ಮೌಖಿಕ ಪರಂಪರೆಯನ್ನು ಕುರಿತ ಅಧ್ಯಾಯವನ್ನು ಬರೆದವರೂ ಅವರೇ.

ವಿಸ್ಕಾನ್ಸಿನ್ನಿನಲ್ಲಿದ್ದಾಗ ಅಲೆಕ್ಸ್ ಹೇಲಿ ಎಂಬ ಕರಿಯ ಅಮೆರಿಕನ್ ಲೇಖಕರು ಅವರನ್ನು ಕಾಣಲು ಬಂದರು. ಹೇಲಿಯವರ ಪೂರ್ವಿಕನೊಬ್ಬನನ್ನು ಗುಲಾಮನಾಗಿ ಹಿಡಿದು ಅಮೆರಿಕಕ್ಕೆ ತಂದಿದ್ದರೆಂಬ ಕಥೆ ಅವರ ಮನೆತನದಲ್ಲಿ ತಲೆಮಾರುಗಳಿಂದ ನಡೆದುಬಂದಿತ್ತು. ಅದರೊಡನೆ ಯಾರಿಗೂ ಅರ್ಥವಾಗದ ನಾಲ್ಕಾರು ಶಬ್ದಗಳೂ ಉಳಿದಿದ್ದವು. ಅವುಗಳಲ್ಲೊಂದು ‘ಕಾಂಬಿ ಬೊಲೊಂಗೊ’. ಅದು ಪಶ್ಚಿಮ ಆಫ್ರಿಕದ ಮಂಡಿಂಕ ಭಾಷೆಯದಿರಬೇಕು, ಬೊಲೊಂಗೊ ಎಂದರೆ ನದಿ, ಗ್ಯಾಂಬಿಯಾ ನದಿಯನ್ನೇ ಆ ಶಬ್ದ ಸೂಚಿಸುತ್ತಿರಬಹುದು ಎಂದು ವಾನ್ಸಿನಾ ತಿಳಿಸಿದರು. ಹೇಲಿ ಗ್ಯಾಂಬಿಯಾಕ್ಕೆ ಹೋದರು. ಅಲ್ಲಿಯ ಹಳ್ಳಿಯೊಂದರಲ್ಲಿ ಹಿರಿಯನೊಬ್ಬನು ಅವರ ಪೂರ್ವಿಕನ ಕಥೆಯನ್ನೇ ಹೇಳಿದನು. 1976ರಲ್ಲಿ ಪ್ರಕಟವಾದ ಅವರ ‘ರೂಟ್ಸ್’ ಪುಸ್ತಕವನ್ನು ಲಕ್ಷಾಂತರ ಜನರು ಕಣ್ಣೀರಿಟ್ಟು ಓದಿದರು. ಆದರೆ ಮುಂದೆ ಡೊನಾಲ್ಡ್ ರೈಟ್ ಎಂಬ ಇತಿಹಾಸಕಾರರು ಅದೇ ಪ್ರದೇಶದಲ್ಲಿ ವಿಚಾರಿಸಿ, 1981ರಲ್ಲಿ ಬೇರೆಯೇ ಮಾತನ್ನು ಬರೆದರು. ಕಥೆ ಹೇಳಿದವನು ಪರಂಪರೆಯಲ್ಲಿ ಪಳಗಿದ ಕಥನಕಾರನಲ್ಲ. ಹೇಲಿಯವರು ಏನನ್ನು ಕೇಳಲು ಬರುತ್ತಿದ್ದಾರೆಂಬುದು ಅಲ್ಲಿಯವರಿಗೆ ಮೊದಲೇ ತಿಳಿದಿತ್ತು. ದೂರದಿಂದ ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳುಹಿಸಲು ಯಾರಿಗೆ ತಾನೇ ಮನಸ್ಸು ಬಂದೀತು? ಕೇಳುವವನ ಆಸೆಯೇ ಉತ್ತರವಾಗಿ ಹಿಂದಿರುಗುವ ಈ ಅಪಾಯವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ವಾನ್ಸಿನಾ ಅವರ ಮೇಲೆಯೇ ಕಟುವಾದ ವಿಮರ್ಶೆಗಳು ಬಂದವು. ಅವರ ಬಳಿಯೇ ಪಳಗಿದ ಡೇವಿಡ್ ಹೆನಿಗೆ ಎಂಬುವರು 1974ರಲ್ಲಿ ಬರೆದ ಗ್ರಂಥದಲ್ಲಿ, ಬಾಯಿಮಾತಿನ ಅರಸುಪಟ್ಟಿಗಳಿಂದ ಕಾಲನಿರ್ಣಯ ಮಾಡಹೊರಡುವುದು ಬಿಸಿಲುಕುದುರೆಯ ಬೆನ್ನಟ್ಟಿದಂತೆ ಎಂದು ವಾದಿಸಿದರು. ಮೂಲಪುರುಷರ ಕಥೆಗಳು ಸಂಕೇತಗಳೇ ಹೊರತು ಘಟನೆಗಳಲ್ಲವೆಂದು ಮತ್ತೆ ಕೆಲವರು ಹೇಳಿದರು. ದೊಡ್ಡ ಹೆಸರು ಪಡೆದ ವಿದ್ವಾಂಸರು ಇಂತಹ ಸಂದರ್ಭದಲ್ಲಿ ತಮ್ಮ ಮೊದಲ ಗ್ರಂಥದ ಕೋಟೆಯೊಳಗೆ ಕುಳಿತುಬಿಡುವುದುಂಟು. ವಾನ್ಸಿನಾ ಕೆಲವು ಆಕ್ಷೇಪಗಳನ್ನು ತಳ್ಳಿಹಾಕಿದರು, ಕೆಲವನ್ನು ಒಪ್ಪಿದರು; 1985ರಲ್ಲಿ ಅದೇ ವಿಷಯವನ್ನು ಕುರಿತು ಮೊದಲಿನಿಂದ ಹೊಸದಾಗಿ ಇನ್ನೊಂದು ಗ್ರಂಥವನ್ನೇ ಬರೆದರು. ಪರಂಪರೆಯ ಮಾತು ಹಿಂದಿನಿಂದ ಬಂದುದಾದರೂ ಅದನ್ನು ಹೇಳುತ್ತಿರುವುದು ಇಂದು, ಇಂದಿನವರಿಗಾಗಿ. ಆದುದರಿಂದ ಪ್ರತಿ ಮಾತಿನಲ್ಲಿಯೂ ಎರಡು ಕಾಲಗಳು ಬೆರೆತಿರುತ್ತವೆ ಎಂಬುದು ಅದರ ಮುಖ್ಯ ವಾದ.

ಆ ಗ್ರಂಥದಲ್ಲಿ ಅವರು ಗುರುತಿಸಿದ ಸಂಗತಿಯೊಂದನ್ನು ನೀವೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಜನರಿಗೆ ಈಚಿನ ಎರಡು ಮೂರು ತಲೆಮಾರುಗಳ ವಿಷಯ ಚೆನ್ನಾಗಿ ನೆನಪಿರುತ್ತದೆ. ತಾವು ಎಲ್ಲಿಂದ ಬಂದವರು, ಊರನ್ನು ಕಟ್ಟಿದವರು ಯಾರು ಎಂಬ ಆದಿಯ ಕಥೆಯೂ ವಿವರವಾಗಿ ಗೊತ್ತಿರುತ್ತದೆ. ನಡುವಣ ಕಾಲವನ್ನು ಕೇಳಿದರೆ ಒಂದೆರಡು ಹೆಸರುಗಳ ಹೊರತು ಏನೂ ಇಲ್ಲ. ಇನ್ನೂ ಸೋಜಿಗವೆಂದರೆ ಈ ಬರಿದಾದ ಎಡೆ ನಿಂತಲ್ಲಿ ನಿಲ್ಲುವುದಿಲ್ಲ. ತಲೆಮಾರುಗಳು ಉರುಳಿದಂತೆ ಅದೂ ಮುಂದಕ್ಕೆ ಸರಿಯುತ್ತದೆ. ಇಂದು ಚೆನ್ನಾಗಿ ನೆನಪಿರುವ ಅಜ್ಜ ಮುಂದೊಂದು ದಿನ ಆ ಬರಿದಿನೊಳಗೆ ಸೇರಿಹೋಗುವನು. ವಾನ್ಸಿನಾ ಇದನ್ನು ‘ತೇಲುವ ಬಿರುಕು’ ಎಂಬರ್ಥದ ಹೆಸರಿನಿಂದ ಕರೆದರು.

ನೆನಪು ತಲುಪಲಾರದ ಕಾಲಕ್ಕೆ ಹೋಗಲು ಅವರು ಭಾಷೆಯನ್ನೇ ದಾರಿಯಾಗಿ ಹಿಡಿದರು. ಸಮಭಾಜಕವೃತ್ತದ ಕಾಡುಗಳಲ್ಲಿ ಆಡುವ ನೂರಾರು ಬಾಂಟು ನುಡಿಗಳಲ್ಲಿ ಮನೆ, ಒಡೆಯ, ಬಲೆ, ಬಾಳೆ ಮುಂತಾದವುಗಳಿಗಿರುವ ಶಬ್ದಗಳನ್ನು ಹೋಲಿಸಿ, ಯಾವುದು ಮೂಲದ್ದು, ಯಾವುದು ಎರವಲು ಎಂದು ವಿಂಗಡಿಸಿ, ಆ ಜನರ ಸಾವಿರಾರು ವರ್ಷಗಳ ಬಾಳಿನ ಚಿತ್ರವನ್ನು 1990ರ ಗ್ರಂಥವೊಂದರಲ್ಲಿ ಕೊಟ್ಟರು.

ಇಷ್ಟು ಸೂಕ್ಷ್ಮವಾಗಿ ಮಾತನ್ನು ಜರಡಿಹಿಡಿಯುವುದು ಪಂಡಿತರ ಹಟವೆಂದು ಕೆಲವರಿಗೆ ತೋರಬಹುದು. ರುವಾಂಡದ ಗತಿಯನ್ನು ನೋಡಿದರೆ ಹಾಗೆನ್ನಲು ಬಾಯಿ ಬಾರದು. ಟುಟ್ಸಿಗಳು ಎಲ್ಲಿಂದಲೋ ದಂಡೆತ್ತಿ ಬಂದು ಹುಟುಗಳನ್ನು ಗೆದ್ದ ಪರಕೀಯರೆಂಬ ಕಥೆಯನ್ನು ವಸಾಹತು ಕಾಲದ ಪುಸ್ತಕಗಳು ಹರಡಿದ್ದವು. ಆಸ್ಥಾನದ ಹೊಗಳಿಕೆಯ ಕಥನಗಳನ್ನು ಅಕ್ಷರಶಃ ನಂಬಿ ಅರಸುಮನೆತನದ ಪ್ರಾಚೀನತೆಯನ್ನು ಹಿಂದಕ್ಕೆ ಎಳೆದವರೂ ಇದ್ದರು. 1994ರಲ್ಲಿ, ಸುಮಾರು ನೂರು ದಿನಗಳಲ್ಲಿ, ಲಕ್ಷಾಂತರ ಟುಟ್ಸಿಗಳ ಕೊಲೆಯಾಯಿತು. ಕೊಂದವರ ಪ್ರಚಾರದಲ್ಲಿ ಆ ಪರಕೀಯರ ಕಥೆ ಮತ್ತೆ ಮತ್ತೆ ಕೇಳಿಬಂದಿತು. ಎಪ್ಪತ್ತು ದಾಟಿದ ವಾನ್ಸಿನಾ ತಮ್ಮ ಹಳೆಯ ಸಂಗ್ರಹವನ್ನು ಮರಳಿ ಶೋಧಿಸಿ 2001ರಲ್ಲಿ ರುವಾಂಡದ ಪ್ರಾಚೀನ ಚರಿತ್ರೆಯನ್ನು ಪ್ರಕಟಿಸಿದರು. ಆ ರಾಜ್ಯವು ಸ್ಥಾಪನೆಯಾದುದು ಹದಿನೇಳನೆಯ ಶತಮಾನದಲ್ಲಿ. ಜನಾಂಗಗಳು ಒಂದರ ಹಿಂದೊಂದು ಅಲೆಯಾಗಿ ಬಂದವೆಂಬ ಕಥೆಗೆ ಆಧಾರವಿಲ್ಲ. ಹುಟು ಟುಟ್ಸಿ ಎಂಬ ಭೇದವು ದೇಶವ್ಯಾಪಿಯಾಗಿ ಕಠಿಣಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಬಿಟ್ಟಿದುಡಿಮೆಯನ್ನು ಹೇರಿದ ಮೇಲೆ ಎಂದು ಅವರು ತೋರಿಸಿದರು. ಎಲ್ಲರೂ ಈ ನಿರ್ಣಯಗಳನ್ನು ಒಪ್ಪಿದರೆಂದಲ್ಲ. ಆದರೆ ಅವರನ್ನು ಖಂಡಿಸಬೇಕೆನ್ನುವವರೂ ಅವರಂತೆಯೇ ಪಾಠಾಂತರಗಳನ್ನು ಮುಂದಿಟ್ಟು ವಾದಿಸಬೇಕಾಯಿತು.

ಕೊನೆಯ ವರ್ಷಗಳಲ್ಲಿ ಅವರು ಮೊದಲ ಪ್ರೀತಿಯ ಕುಬಾ ನಾಡಿಗೆ ಬರವಣಿಗೆಯಲ್ಲಿ ಹಿಂದಿರುಗಿದರು. ಬೆಲ್ಜಿಯಂನ ದೊರೆ ಲಿಯೊಪೋಲ್ಡನ ಕಾಲದಲ್ಲಿ ರಬ್ಬರಿಗಾಗಿ ಹಳ್ಳಿಗರು ಪಟ್ಟ ಹಿಂಸೆ, 1904ರ ದಂಗೆ, ಅನಂತರದ ವಸಾಹತು ಆಳ್ವಿಕೆ, ಇವನ್ನೆಲ್ಲ ಕುಬಾ ಜನರ ಕಡೆಯಿಂದ ನಿರೂಪಿಸುವ ಗ್ರಂಥವನ್ನು 2010ರಲ್ಲಿ ಬರೆದರು. 2017ರ ಫೆಬ್ರವರಿ 8ರಂದು ಮ್ಯಾಡಿಸನ್ ನಗರದಲ್ಲಿ ತೀರಿಕೊಂಡಾಗ ಅವರಿಗೆ 87 ವರ್ಷ. 2010ರ ಆ ಗ್ರಂಥಕ್ಕೆ ಅವರು ಬಳಸಿಕೊಂಡ ಆಧಾರಗಳಲ್ಲಿ ಸರ್ಕಾರಿ ಕಡತಗಳ ಜೊತೆಗೆ, 1950ರ ದಶಕದಲ್ಲಿ ಅವರೂ ಅವರ ಕುಬಾ ಸಹಾಯಕರೂ ಬರೆದುಕೊಂಡಿದ್ದ ಟಿಪ್ಪಣಿಗಳೂ ಇದ್ದವು. ರಬ್ಬರಿನ ಕಾಲವನ್ನು ಕಣ್ಣಾರೆ ಕಂಡಿದ್ದ ಮುದುಕರು ಆಗ ಇನ್ನೂ ಬದುಕಿದ್ದರು.